ಗುಬ್ಬಿ ವೀರಣ್ಣ ಮತ್ತು ‘ಸದಾರಮೆ’: ರಂಗದಿಂದ ತೆರೆಗೆ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯನ್ನು ಕುರಿತ ಬರವಣಿಗೆಗಳಲ್ಲಿ ಗುಬ್ಬಿ ವೀರಣ್ಣನವರ (1891–1972) ಹೆಸರು ಪದೇ ಪದೇ ಬರುತ್ತದೆ. ಆದರೆ ಆ ಉಲ್ಲೇಖಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿವೆ. ಒಂದು, ರಂಗದ ಮೇಲೆ ಆನೆ ಕುದುರೆಗಳನ್ನು ತಂದ ವೈಭವದ ವರ್ಣನೆ. ಇನ್ನೊಂದು, ಆ ವೈಭವವನ್ನೇ ಮುಂದಿಟ್ಟುಕೊಂಡು ಕಂಪನಿ ನಾಟಕಗಳಿಗೆ ಸಾಹಿತ್ಯಿಕ ಮೌಲ್ಯವಿಲ್ಲವೆಂದು ಬದಿಗೆ ಸರಿಸುವ ವಿಮರ್ಶೆ. ಮೊದಲನೆಯದು ವೀರಣ್ಣನವರನ್ನು ಅದ್ಭುತಗಳ ಸೂತ್ರಧಾರನನ್ನಾಗಿ ಕಾಣುತ್ತದೆ. ಎರಡನೆಯದು ಅವರನ್ನು ಜನಪ್ರಿಯತೆಯ ವ್ಯಾಪಾರಿಯನ್ನಾಗಿ ಕಾಣುತ್ತದೆ. ಅವರು ತಮ್ಮ ಬದುಕಿನ ಬಹುಭಾಗ ಅಭಿನಯಿಸಿದ ನಾಟಕಗಳು ಏನನ್ನು ಹೇಳುತ್ತಿದ್ದವು ಎಂಬ ಪ್ರಶ್ನೆ ಈ ಎರಡೂ ದಾರಿಗಳಲ್ಲಿ ಹಿಂದುಳಿಯುತ್ತದೆ. ಪ್ರಸ್ತುತ ಲೇಖನವು ‘ಸದಾರಮೆ’ ಎಂಬ ಒಂದೇ ನಾಟಕವನ್ನು ಕೇಂದ್ರವಾಗಿಟ್ಟುಕೊಂಡು, ಅದು ರಂಗದಿಂದ ತೆರೆಗೆ ಸಾಗಿದ ಬಗೆಯ ಮೂಲಕ ವೀರಣ್ಣನವರ ಜೀವನವನ್ನು ಪರಿಶೀಲಿಸುತ್ತದೆ. ‘ಸದಾರಮೆ’ ಮದುವೆಯನ್ನು ಕುರಿತ ನಾಟಕ. ಹೆಣ್ಣಿನ ಬೆಲೆ ಎಷ್ಟು, ಆ ಬೆಲೆಯನ್ನು ಕಟ್ಟುವವರು ಯಾರು, ಕೊಟ್ಟ ಮೇಲೆ ಅವಳು ಯಾರವಳು ಎಂಬ ಪ್ರಶ್ನೆಗಳನ್ನು ಅದು ನಗೆಯ ಮರೆಯಲ್ಲಿ ಎತ್ತುತ್ತದೆ.

1. ಕಂಪನಿಯೊಳಗಿನ ಬಾಲ್ಯ

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಊರಿನ ಆಸಕ್ತರು ಸೇರಿ ಕಟ್ಟಿದ ಈ ಸಂಘ ಚಂದಣ್ಣನವರ ಹಿರಿತನದಲ್ಲಿ ಬೆಳೆದು, ಕ್ರಮೇಣ ಸಂಚಾರಿ ವೃತ್ತಿ ಕಂಪನಿಯಾಯಿತು. ಮೈಸೂರಿನ ಅರಮನೆಯ ಆಶ್ರಯದಲ್ಲಿ ರೂಪುಗೊಂಡ ನಾಟಕ ಮಂಡಲಿಗಳಿಗೂ ಗುಬ್ಬಿಯ ಸಂಘಕ್ಕೂ ಇದ್ದ ಮುಖ್ಯ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಅರಮನೆಯ ಮಂಡಲಿ ಸಂಸ್ಕೃತ ನಾಟಕಗಳ ಕನ್ನಡ ರೂಪಗಳನ್ನು ಆಡಿ ಪಂಡಿತರ ಮೆಚ್ಚುಗೆಯನ್ನು ಪಡೆಯಬಹುದಾಗಿತ್ತು. ಗುಬ್ಬಿಯ ಸಂಘಕ್ಕೆ ಬದುಕು ಟಿಕೆಟ್ಟಿನ ಹಣದಿಂದಲೇ ನಡೆಯಬೇಕಾಗಿತ್ತು. ಸಂತೆಗೆ ಬಂದ ರೈತ, ಅಂಗಡಿಯ ವರ್ತಕ, ಜಾತ್ರೆಗೆ ಬಂದ ಹೆಂಗಸರು ಮಕ್ಕಳು ಇವರೇ ಅದರ ಆಶ್ರಯದಾತರು.

ವೀರಣ್ಣನವರು ಬಾಲ್ಯದಲ್ಲಿಯೇ ಈ ಸಂಘವನ್ನು ಸೇರಿದರು. ಶಾಲೆಯ ಶಿಕ್ಷಣ ಅವರಿಗೆ ಹೆಚ್ಚು ದೊರೆಯಲಿಲ್ಲ. ಓದು, ಸಂಗೀತ, ಮಾತಿನ ಲಯ, ವ್ಯವಹಾರ ಎಲ್ಲವೂ ಕಂಪನಿಯ ಬಿಡಾರದಲ್ಲಿಯೇ ಕಲಿತವು. ಬಾಲಪಾತ್ರ, ಸ್ತ್ರೀಪಾತ್ರಗಳಿಂದ ಮೊದಲುಗೊಂಡು ಹಾಸ್ಯಪಾತ್ರಗಳತ್ತ ಅವರು ಸಾಗಿದರು. ಸಂಗೀತವೇ ಪ್ರಧಾನವಾಗಿದ್ದ ಆ ಕಾಲದ ರಂಗಭೂಮಿಯಲ್ಲಿ ನಾಯಕನಟನೆಂದರೆ ಹಾಡುಗಾರ. ಹಾಸ್ಯಗಾರನ ಸ್ಥಾನ ಕೆಳಗಿನದು. ವೀರಣ್ಣನವರು ಆ ಸ್ಥಾನದಲ್ಲಿ ನಿಂತೇ ಕಂಪನಿಯ ಕೇಂದ್ರಕ್ಕೆ ಬಂದರು. ನಾಯಕನ ಹಾಡಿಗೆ ಬಂದ ಪ್ರೇಕ್ಷಕ ಹಾಸ್ಯಗಾರನ ಮಾತಿಗೆ ಮತ್ತೆ ಬರುವಂತಾದದ್ದು ಕನ್ನಡ ರಂಗಭೂಮಿಯ ಅಭಿರುಚಿಯಲ್ಲಿ ಆದ ಬದಲಾವಣೆಯೇ ಸರಿ. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರೂ ಅವರ ಹಾಸ್ಯವನ್ನು ಮೆಚ್ಚಿ ಗೌರವಿಸಿದರು.

1917ರಲ್ಲಿ ಕಂಪನಿಯ ಒಡೆತನ ವೀರಣ್ಣನವರಿಗೆ ಬಂದಿತು. ಅಂದಿನಿಂದ ಅವರದು ಇಬ್ಬಗೆಯ ಬದುಕು: ರಂಗದ ಮೇಲೆ ಜನರನ್ನು ನಗಿಸುವ ನಟ, ರಂಗದ ಹಿಂದೆ ನೂರಾರು ಮಂದಿಯ ಅನ್ನದ ಹೊಣೆ ಹೊತ್ತ ಯಜಮಾನ. ಪರದೆ, ಉಡುಪು, ದೀಪ, ಅಡುಗೆ, ಸಾಗಾಣಿಕೆ, ಸಾಲ ಇವೆಲ್ಲದರ ಲೆಕ್ಕವನ್ನು ಅವರು ನೋಡಬೇಕಾಗಿತ್ತು. ಕಂಪನಿ ಕನ್ನಡ ನಾಡಿನಲ್ಲಿ ಮಾತ್ರವಲ್ಲದೆ ಆಂಧ್ರ ಮತ್ತು ತಮಿಳು ಪ್ರದೇಶಗಳಲ್ಲಿಯೂ ಬಿಡಾರ ಹೂಡಿತು. ಭಾಷೆಯ ಎಲ್ಲೆಯನ್ನು ದಾಟುವಾಗ ಮಾತಿಗಿಂತ ದೃಶ್ಯಕ್ಕೆ ಹೆಚ್ಚು ಬೆಲೆ ಎಂಬುದನ್ನು ಯಜಮಾನನಾದ ವೀರಣ್ಣ ಕಂಡುಕೊಂಡಿರಬೇಕು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ ನಾಟಕವನ್ನು 1934ರಲ್ಲಿ ಬಯಲಿನ ವಿಶಾಲ ರಂಗದಲ್ಲಿ ಆನೆ, ಕುದುರೆ, ರಥಗಳೊಡನೆ ಪ್ರಯೋಗಿಸಿದ್ದು ಈ ತಿಳಿವಳಿಕೆಯ ಪರಮಾವಧಿ. ವೈಭವವು ಅಲ್ಲಿ ಅಲಂಕಾರ ಮಾತ್ರವಾಗಿರಲಿಲ್ಲ. ಅದು ಆಗಷ್ಟೇ ಮಾತು ಕಲಿತ ಸಿನಿಮಾಕ್ಕೆ ರಂಗಭೂಮಿ ಕೊಟ್ಟ ಉತ್ತರವೂ ಆಗಿತ್ತು.

2. ‘ಸದಾರಮೆ’: ಮದುವೆಯೆಂಬ ಕರಾರು

ಬೆಳ್ಳಾವೆ ನರಹರಿಶಾಸ್ತ್ರಿಗಳು ಗುಬ್ಬಿ ಕಂಪನಿಗಾಗಿ ರಚಿಸಿಕೊಟ್ಟ ನಾಟಕಗಳಲ್ಲಿ ‘ಸದಾರಮೆ’ಯ ಸ್ಥಾನ ವಿಶಿಷ್ಟವಾದುದು. ಕಥೆ ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ‘ಸದಾರಂ’ ಎಂಬ ಹೆಸರಿನಿಂದ ಅದು ತಮಿಳು ಕಂಪನಿಗಳ ರಂಗದಲ್ಲಿಯೂ ಬಳಕೆಯಲ್ಲಿತ್ತು. ಪುರಾಣದ ಆಧಾರವಿಲ್ಲದ, ಜನಪದ ಕಥೆಯ ಜಾಡಿನ ಈ ವಸ್ತು ದಕ್ಷಿಣದ ಕಂಪನಿಗಳ ಸಾಮಾನ್ಯ ಸೊತ್ತಾಗಿತ್ತು ಎನ್ನಬಹುದು.

ಕಥೆಯ ಹಂದರ ಸರಳ. ರಾಜಕುಮಾರನೊಬ್ಬ ವರ್ತಕನ ಮಗಳಾದ ಸದಾರಮೆಯನ್ನು ಕಂಡು ಮೋಹಗೊಳ್ಳುತ್ತಾನೆ. ಮಗಳನ್ನು ಕೊಡಲು ವರ್ತಕ ರಾಜ್ಯವನ್ನೇ ಕೇಳುತ್ತಾನೆ. ಮಗನ ಮೇಲಿನ ಮಮತೆಯಿಂದ ರಾಜ ಒಪ್ಪುತ್ತಾನೆ. ಮದುವೆ ನಡೆಯುತ್ತದೆ, ರಾಜ್ಯ ಕೈಬಿಡುತ್ತದೆ, ರಾಜಮನೆತನ ಬೀದಿಗೆ ಬೀಳುತ್ತದೆ. ಬಡತನದಲ್ಲಿ ಸದಾರಮೆಯ ಕೈಯ ಕಸೂತಿಯೇ ಸಂಸಾರದ ಜೀವನೋಪಾಯ. ಆ ಕಸೂತಿಯ ಅಂದವೇ ಪರರಾಜನ ಕಣ್ಣನ್ನು ಅವಳತ್ತ ತಿರುಗಿಸುತ್ತದೆ. ಗಂಡನಿಂದ ಅಗಲಿದ ಸದಾರಮೆ ಕಾಮುಕ ರಾಜನಿಂದ ತನ್ನ ಜಾಣ್ಮೆಯಿಂದ ಪಾರಾಗುತ್ತಾಳೆ. ದಾರಿಯಲ್ಲಿ ಕಳ್ಳನ ಕೈಗೆ ಸಿಕ್ಕು ಅವನನ್ನೂ ಮರುಳು ಮಾಡಿ ಬಿಡಿಸಿಕೊಳ್ಳುತ್ತಾಳೆ. ಗಂಡಿನ ವೇಷ ತೊಟ್ಟು ಅಧಿಕಾರವನ್ನು ಪಡೆದು, ಕೊನೆಗೆ ಗಂಡನನ್ನು ಸೇರುತ್ತಾಳೆ.

ಈ ಹಂದರವನ್ನು ಕನ್ನಡ ನಾಟಕ ಸಾಹಿತ್ಯದಲ್ಲಿ ವಿವಾಹವನ್ನು ವಸ್ತುವಾಗಿಸಿಕೊಂಡ ಇತರ ಕೃತಿಗಳ ಪಕ್ಕದಲ್ಲಿಟ್ಟು ನೋಡಿದಾಗ ಅದರ ಸ್ವರೂಪ ಸ್ಪಷ್ಟವಾಗುತ್ತದೆ. ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ (1887) ಕನ್ಯಾವಿಕ್ರಯವನ್ನು ನೇರವಾಗಿ ವಿಡಂಬಿಸಿತು. ತೆಲುಗಿನಲ್ಲಿ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ಇದೇ ಅನಿಷ್ಟವನ್ನು 1892ರಲ್ಲಿ ರಂಗಕ್ಕೆ ತಂದಿತು. ಮುಂದೆ ಟಿ.ಪಿ. ಕೈಲಾಸಂ ಅವರು ‘ತಾಳಿ ಕಟ್ಟೋಕ್ಕೂಲೀನೇ?’ ನಾಟಕದಲ್ಲಿ ವರದಕ್ಷಿಣೆಯನ್ನು ನಗರದ ಮಧ್ಯಮವರ್ಗದ ಮನೆಯೊಳಗೆ ನಿಲ್ಲಿಸಿ ಪ್ರಶ್ನಿಸಿದರು. ಇವು ಸುಧಾರಣೆಯ ಉದ್ದೇಶವನ್ನು ಮುಚ್ಚಿಡದ ನಾಟಕಗಳು. ‘ಸದಾರಮೆ’ ಯಾವ ಸುಧಾರಣೆಯನ್ನೂ ಘೋಷಿಸುವುದಿಲ್ಲ. ಆದರೆ ಮಗಳ ಬೆಲೆಯನ್ನು ರಾಜ್ಯದಷ್ಟಕ್ಕೆ ಏರಿಸುವ ಮೂಲಕ ತೆರದ ವ್ಯವಹಾರವನ್ನು ನಗೆಪಾಟಲಿಗೆ ಗುರಿಮಾಡುತ್ತದೆ. ತೆರ ಕೊಟ್ಟು ಮದುವೆಯಾಗುವ ಪದ್ಧತಿಯನ್ನು ಬಲ್ಲ ಹಳ್ಳಿಯ ಪ್ರೇಕ್ಷಕನಿಗೆ ಈ ಉತ್ಪ್ರೇಕ್ಷೆಯ ಮೊನೆ ತಿಳಿಯದೆ ಇರಲು ಸಾಧ್ಯವಿಲ್ಲ.

ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಕರಾರು ಮಾಡಿಕೊಂಡ ಗಂಡಸರೆಲ್ಲರೂ ನಾಟಕದ ನಡುವೆ ನಿಸ್ಸಹಾಯಕರಾಗುತ್ತಾರೆ. ಬೆಲೆ ಕಟ್ಟಿದ ತಂದೆ, ಬೆಲೆ ತೆತ್ತ ಮಾವ, ಬೆಲೆಯ ಫಲವನ್ನು ಪಡೆದ ಗಂಡ ಇವರಾರೂ ಸದಾರಮೆಯನ್ನು ಕಾಪಾಡುವುದಿಲ್ಲ. ಕಾಪಾಡುವುದು ಅವಳ ಬುದ್ಧಿ. ಪಾತಿವ್ರತ್ಯದ ಚೌಕಟ್ಟನ್ನು ನಾಟಕ ಮುರಿಯುವುದಿಲ್ಲ ಎಂಬುದು ನಿಜ. ಕೊನೆಗೆ ಅವಳು ಗಂಡನ ಬಳಿಗೇ ಮರಳುತ್ತಾಳೆ. ಆದರೆ ಮರಳುವ ಮುನ್ನ ಅವಳು ಗಂಡಿನ ವೇಷದಲ್ಲಿ ಅಧಿಕಾರ ನಡೆಸಿರುತ್ತಾಳೆ. ಸ್ತ್ರೀಪಾತ್ರಗಳನ್ನು ಗಂಡಸರೇ ಆಡುತ್ತಿದ್ದ ಕಾಲದಲ್ಲಿ ಗಂಡಸೊಬ್ಬ ಹೆಣ್ಣಾಗಿ, ಆ ಹೆಣ್ಣು ಮತ್ತೆ ಗಂಡಾಗುವ ಈ ಇಮ್ಮಡಿ ವೇಷಾಂತರ ರಂಗದ ಮೇಲೆ ಯಾವ ಪರಿಣಾಮವನ್ನು ಉಂಟುಮಾಡಿರಬಹುದೆಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಈ ನಾಟಕದಲ್ಲಿ ವೀರಣ್ಣನವರಿಗೆ ಕೀರ್ತಿ ತಂದುಕೊಟ್ಟದ್ದು ಕಳ್ಳನ ಪಾತ್ರ. ಕಥೆಯ ದೃಷ್ಟಿಯಿಂದ ಅದು ಒಂದು ಪ್ರಸಂಗ ಮಾತ್ರ. ವೀರಣ್ಣನವರ ಅಭಿನಯದಲ್ಲಿ ಅದು ನಾಟಕದ ತಿರುಳಾಯಿತು. ಬೆಲೆ ಕೊಟ್ಟು ಹೆಣ್ಣನ್ನು ಪಡೆದ ರಾಜಕುಮಾರನಿಗೂ ಬಲದಿಂದ ಪಡೆಯಬಯಸಿದ ರಾಜನಿಗೂ ಎದುರಾಗಿ, ಕದ್ದು ಪಡೆಯಹೊರಟ ಕಳ್ಳ ನಿಲ್ಲುತ್ತಾನೆ. ಮೂವರಲ್ಲಿ ತನ್ನ ಉದ್ದೇಶವನ್ನು ಮುಚ್ಚಿಡದವನು ಅವನೊಬ್ಬನೇ. ಪ್ರೇಕ್ಷಕ ಅವನನ್ನು ದ್ವೇಷಿಸದೆ ನಕ್ಕು ಒಪ್ಪಿಕೊಳ್ಳುವುದಕ್ಕೆ ಈ ಪ್ರಾಮಾಣಿಕತೆಯೇ ಕಾರಣ. ಅವನು ಮೋಸಹೋದಾಗ ನಗುವ ಪ್ರೇಕ್ಷಕ ಒಳಗೊಳಗೆ ಸದಾರಮೆಯ ಪಕ್ಷವನ್ನು ವಹಿಸಿರುತ್ತಾನೆ. ಕಂಪನಿಯ ಯಜಮಾನನೇ ಹೆಣ್ಣಿನ ಜಾಣ್ಮೆಗೆ ಸೋಲುವ ಪಾತ್ರವನ್ನು ಊರೂರಿನಲ್ಲಿ ಆಡಿದ್ದು ಸಾಮಾನ್ಯ ಸಂಗತಿಯಲ್ಲ.

3. ನಟಿಯರು ಮತ್ತು ಕಂಪನಿಯ ಸಂಸಾರ

ರಂಗದ ಮೇಲಿನ ಮದುವೆಯ ಪ್ರಶ್ನೆ ರಂಗದ ಹಿಂದೆಯೂ ಇತ್ತು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂಬ ನಿಲುವನ್ನು ಕಾರ್ಯರೂಪಕ್ಕೆ ತಂದ ಕನ್ನಡದ ಕಂಪನಿ ಯಜಮಾನರಲ್ಲಿ ವೀರಣ್ಣನವರು ಪ್ರಮುಖರು. ಆದರೆ ನಟಿಯನ್ನು ಸಮಾಜ ಸಂಸಾರಸ್ಥೆಯೆಂದು ಒಪ್ಪದಿದ್ದ ಕಾಲವದು. ನಟಿಯರಾದ ಸುಂದರಮ್ಮ ಮತ್ತು ಬಿ. ಜಯಮ್ಮ ಇಬ್ಬರೂ ವೀರಣ್ಣನವರ ಪತ್ನಿಯರಾದರು. ಜಯಮ್ಮನವರು ಮುಂದೆ ರಂಗಭೂಮಿ ಮತ್ತು ಚಲನಚಿತ್ರ ಎರಡರಲ್ಲಿಯೂ ಹೆಸರಾಂತ ಕಲಾವಿದೆಯಾಗಿ ಬೆಳೆದರು.

ಈ ದಾಂಪತ್ಯಗಳನ್ನು ಎರಡು ಬಗೆಯಲ್ಲಿ ನೋಡಬಹುದು. ಮದುವೆಯಿಂದ ನಟಿಗೆ ಸಾಮಾಜಿಕ ಗೌರವದ ಆವರಣ ದೊರೆಯಿತು. ಸಂಸಾರಕ್ಕೆ ಸೇರಿದ ಮೇಲೆಯೂ ಆಕೆ ರಂಗವನ್ನು ಬಿಡಬೇಕಾಗಲಿಲ್ಲ. ಅದೇ ವೇಳೆಗೆ ಆಕೆಯ ಕಲೆ, ದುಡಿಮೆ, ಹೆಸರು ಮೂರೂ ಯಜಮಾನನ ಮನೆತನದೊಡನೆ ಬೆಸೆದುಕೊಂಡವು. ಕಂಪನಿಯೇ ಕುಟುಂಬ, ಕುಟುಂಬವೇ ಕಂಪನಿ ಎಂಬ ವ್ಯವಸ್ಥೆಯ ಬಲವೂ ಮಿತಿಯೂ ಇಲ್ಲಿಯೇ ಇವೆ. ಬಹುಪತ್ನಿತ್ವವನ್ನು ಕಾನೂನು ಮತ್ತು ಸಮಾಜ ಒಪ್ಪಿದ್ದ ಕಾಲದ ಸಂಗತಿಯಾದರೂ, ಸುಂದರಮ್ಮ, ಜಯಮ್ಮ ಇಂಥವರ ಕೊಡುಗೆಯನ್ನು ವೀರಣ್ಣನವರ ಜೀವನದ ಅನುಬಂಧವಾಗಿ ಮಾತ್ರ ಬರೆಯುವ ರೂಢಿಯನ್ನು ನಾವು ಬಿಡಬೇಕಾಗಿದೆ. ಕಸೂತಿ ಹಾಕಿ ಸಂಸಾರವನ್ನು ಸಾಕಿದ ಸದಾರಮೆಯಂತೆ, ಈ ಕಲಾವಿದೆಯರ ದುಡಿಮೆ ಕಂಪನಿಯನ್ನು ಸಾಕಿತು.

4. ತೆರೆಗೆ ಬಂದ ‘ಸದಾರಮೆ’

ಸಿನಿಮಾ ವೀರಣ್ಣನವರಿಗೆ ಅಪರಿಚಿತವಾಗಿರಲಿಲ್ಲ. 1930ರ ಆಸುಪಾಸಿನಲ್ಲಿಯೇ ಅವರು ಮೂಕಿ ಚಿತ್ರಗಳ ನಿರ್ಮಾಣಕ್ಕೆ ಕೈಹಾಕಿದ್ದರು. ಬೆಲ್ಜಿಯಂ ದೇಶದ ರಫಾಯೆಲ್ ಆಲ್ಗೂಟ್ ಅವರನ್ನು ನಿರ್ದೇಶಕರನ್ನಾಗಿ ಬಳಸಿಕೊಂಡದ್ದು ಆ ಸಾಹಸದ ಭಾಗ. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ ಆ ಚಿತ್ರಕ್ಕೆ ಸಾಹಿತ್ಯ ಒದಗಿಸಿದವರು ಗುಬ್ಬಿ ಕಂಪನಿಯ ನಾಟಕಕಾರರಾದ ಬೆಳ್ಳಾವೆ ನರಹರಿಶಾಸ್ತ್ರಿಗಳೇ. ಅದೇ ವರ್ಷ ‘ಭಕ್ತ ಧ್ರುವ’ ಬಂದಿತು. 1935ರಲ್ಲಿ ರಾಜಾ ಚಂದ್ರಶೇಖರ್ ಅವರ ನಿರ್ದೇಶನದಲ್ಲಿ ‘ಸದಾರಮೆ’ ಮೂರನೆಯ ಕನ್ನಡ ವಾಕ್ಚಿತ್ರವಾಯಿತು. ವೀರಣ್ಣನವರೂ ಕೆ. ಅಶ್ವತ್ಥಮ್ಮನವರೂ ಅದರಲ್ಲಿ ಅಭಿನಯಿಸಿದರು. ಅಶ್ವತ್ಥಮ್ಮನವರು 1937ರಲ್ಲಿ ಎಂ.ಕೆ. ತ್ಯಾಗರಾಜ ಭಾಗವತರ್ ಅವರೊಡನೆ ತಮಿಳಿನ ‘ಚಿಂತಾಮಣಿ’ಯಲ್ಲಿ ನಟಿಸಿ ದಕ್ಷಿಣ ಭಾರತದಾದ್ಯಂತ ಪ್ರಸಿದ್ಧರಾದರು.

ಮೊದಲ ಎರಡು ವಾಕ್ಚಿತ್ರಗಳು ಪುರಾಣದ ಕಥೆಗಳು. ‘ಸದಾರಮೆ’ ಕನ್ನಡ ತೆರೆಯ ಮೇಲೆ ದೇವರು ದಾನವರಿಲ್ಲದ ಕಥೆಯನ್ನು ತಂದಿತು. ವರ್ತಕ, ಕಳ್ಳ, ಮೋಹಗೊಂಡ ಅರಸು, ಜಾಣ ಹೆಣ್ಣು ಇವರ ಲೋಕವದು. ಮರುವರ್ಷ 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ತಮ್ಮ ನಾಟಕವನ್ನೇ ಆಧರಿಸಿ ‘ಸಂಸಾರ ನೌಕೆ’ಯನ್ನು ನಿರ್ದೇಶಿಸಿ, ಹಿರಿಯರ ಇಚ್ಛೆಗೆ ವಿರುದ್ಧವಾಗಿ ಮದುವೆಯಾದ ತರುಣನ ಕಷ್ಟಗಳನ್ನು ಸಮಕಾಲೀನ ಉಡುಪಿನಲ್ಲಿ ತೋರಿಸಿದರು. ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂಬ ಮನ್ನಣೆ ಅದಕ್ಕೆ ಸಂದಿದೆ. ಪುರಾಣದಿಂದ ಸಾಮಾಜಿಕದ ಕಡೆಗೆ ಕನ್ನಡ ಸಿನಿಮಾ ಸರಿದ ದಾರಿಯಲ್ಲಿ ‘ಸದಾರಮೆ’ಯನ್ನು ನಡುವಣ ಮೆಟ್ಟಿಲೆಂದು ಪರಿಗಣಿಸಬೇಕು. ಈ ಎರಡೂ ಚಿತ್ರಗಳ ವಸ್ತು ಮದುವೆ, ಎರಡರ ತವರೂ ರಂಗಭೂಮಿ ಎಂಬುದು ಆಕಸ್ಮಿಕವಲ್ಲ.

ತೆರೆಗೆ ಬಂದಾಗ ನಾಟಕಕ್ಕೆ ದೊರೆತದ್ದೂ ಕಳೆದದ್ದೂ ಬೇರೆ ಬೇರೆ. ಕಂಪನಿ ನಾಟಕದ ಪಠ್ಯ ಎಂದೂ ಸ್ಥಿರವಲ್ಲ. ಕಳ್ಳನ ಪ್ರಸಂಗ ಪ್ರೇಕ್ಷಕರ ಮನೋಧರ್ಮಕ್ಕೆ ತಕ್ಕಂತೆ ಹಿಗ್ಗಬಹುದು, ಕುಗ್ಗಬಹುದು. ಊರಿನ ಸುದ್ದಿಯೊಂದು ಅದರೊಳಗೆ ನುಸುಳಬಹುದು. ಪ್ರೇಕ್ಷಕರು ಒನ್ಸ್‌ಮೋರ್ ಕೂಗಿದರೆ ಹಾಡು ಮತ್ತೆ ಬರಬೇಕು. ಸಿನಿಮಾದಲ್ಲಿ ಇದಾವುದೂ ಇಲ್ಲ. ಧ್ವನಿಗ್ರಹಣ ಯಂತ್ರದ ಮುಂದೆ ಆಡಿದ ಒಂದು ಮಾತೇ ಎಲ್ಲ ಊರುಗಳಿಗೂ ಕೊನೆಯ ಮಾತು. ಎದುರಿಗೆ ಕುಳಿತವರ ನಗೆಯನ್ನು ಅಳೆದು ಮುಂದಿನ ಮಾತನ್ನು ಹೆಣೆಯುವ ಹಾಸ್ಯನಟನಿಗೆ ನಗುವವರೇ ಇಲ್ಲದ ಸ್ಟುಡಿಯೊ ದೊಡ್ಡ ಪರೀಕ್ಷೆ. ಬದಲಿಗೆ ಸಿನಿಮಾ ಅವನಿಗೆ ಸಮೀಪದ ಮುಖವನ್ನು, ಏಕಕಾಲದಲ್ಲಿ ಹಲವು ಊರುಗಳನ್ನು ಕೊಟ್ಟಿತು. ಯಜಮಾನನಾದ ವೀರಣ್ಣನಿಗೆ ಇದು ಲಾಭದ ಸೂಚನೆ. ನಟನಾದ ವೀರಣ್ಣನಿಗೆ ನಷ್ಟದ ಸೂಚನೆ. ಅವರು ಸಿನಿಮಾವನ್ನು ಕೈಬಿಡಲಿಲ್ಲ, ರಂಗವನ್ನೂ ಬಿಡಲಿಲ್ಲ ಎಂಬುದಕ್ಕೆ ಈ ದ್ವಂದ್ವವೇ ವಿವರಣೆ.

ಮುಂದೆ ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1946), ‘ಗುಣಸಾಗರಿ’ (1953) ಚಿತ್ರಗಳೊಡನೆ ವೀರಣ್ಣನವರ ಹೆಸರು ಕೂಡಿಕೊಂಡಿತು. ‘ಜೀವನ ನಾಟಕ’ದ ಬರವಣಿಗೆಗೆ ಅ.ನ. ಕೃಷ್ಣರಾಯರನ್ನು ಕರೆತಂದದ್ದು, ಕಂಪನಿಯ ಲೋಕಕ್ಕೂ ನವೋದಯ–ಪ್ರಗತಿಶೀಲ ಸಾಹಿತ್ಯಕ್ಕೂ ನಡುವೆ ಗೋಡೆಯಿತ್ತೆಂಬ ಭಾವನೆಯನ್ನು ಸಡಿಲಿಸುವ ಸಂಗತಿ. ‘ಸದಾರಮೆ’ 1956ರಲ್ಲಿ ಕು.ರಾ. ಸೀತಾರಾಮಶಾಸ್ತ್ರಿಗಳ ನಿರ್ದೇಶನದಲ್ಲಿ ಮತ್ತೊಮ್ಮೆ ತೆರೆಗೆ ಬಂದಿತು. ಅದೇ ಕಥೆ ಅದೇ ವರ್ಷ ತಮಿಳಿನಲ್ಲಿಯೂ ಚಿತ್ರವಾಯಿತು.

5. ಕೊಳ್ಳೇಗಾಲದ ಸೀಮೆ ಮತ್ತು ಗುಬ್ಬಿಯ ನಂಟು

ಕೊಳ್ಳೇಗಾಲ, ಮಧುವನಹಳ್ಳಿ, ಹನೂರುಗಳ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದ್ದು. ಆಡಳಿತದ ಗೆರೆ ಕನ್ನಡವನ್ನು ಎರಡಾಗಿ ಸೀಳಿದ್ದ ಈ ಪ್ರದೇಶ ರಂಗಭೂಮಿಗೆ ಕೊಟ್ಟ ಕಾಣಿಕೆ ಸಣ್ಣದಲ್ಲ. ಯಳಂದೂರು ಸೀಮೆಯ ಅಗರ ‘ಸಂಸ’ರ (1898–1939) ಊರು. ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನಿಂದ ಬಂದ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ಉಗ್ರ ಪಾತ್ರಗಳಿಗೆ ಹೆಸರಾದ ನಟರು. ‘ಕುರುಕ್ಷೇತ್ರ’ ಬರೆದ ಬಿ. ಪುಟ್ಟಸ್ವಾಮಯ್ಯನವರೂ ಇವರೂ ಬೇರೆ ಬೇರೆ ಎಂಬುದನ್ನು ನೆನಪಿಡಬೇಕು. ತಂದೆಯ ಕೈಹಿಡಿದು ಕಂಪನಿಗೆ ಬಂದ ಮಗ ಮುತ್ತುರಾಜ, ಗುಬ್ಬಿ ಸಂಸ್ಥೆಯ ‘ಬೇಡರ ಕಣ್ಣಪ್ಪ’ (1954) ಚಿತ್ರದಲ್ಲಿ ನಾಯಕನಾಗಿ ರಾಜಕುಮಾರ್ ಎನಿಸಿದ. ಅದನ್ನು ನಿರ್ದೇಶಿಸಿದವರು ‘ಸಂಸಾರ ನೌಕೆ’ಯ ಸಿಂಹ ಅವರೇ. ನರಸಿಂಹರಾಜು, ಜಿ.ವಿ. ಅಯ್ಯರ್ ಅವರೂ ಗುಬ್ಬಿಯ ಗರಡಿಯಿಂದಲೇ ಆ ಚಿತ್ರಕ್ಕೆ ಬಂದರು.

ಈ ಸೀಮೆಯ ಪ್ರೇಕ್ಷಕನಿಗೆ ‘ಸದಾರಮೆ’ಯ ವಸ್ತು ಹೊಸದಾಗಿ ಕಾಣುವಂತಿರಲಿಲ್ಲ. ಕಂಸಾಳೆಯ ಕಲಾವಿದರು ಹಾಡುವ ಮಲೆಯ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲು ದಾಂಪತ್ಯದ ಕಠೋರ ಪರೀಕ್ಷೆಯ ಕಥನ. ಬೇಟೆಗೂ ಜೇನಿಗೂ ಹೊರಟ ನೀಲೇಗೌಡ ಹೆಂಡತಿಯಿಂದ ಶೀಲದ ಬಲಗೈ ಭಾಷೆಯನ್ನು ಕೇಳುತ್ತಾನೆ. ತಪ್ಪು ಮಾಡದ ತಾನು ಭಾಷೆ ಏಕೆ ಕೊಡಬೇಕೆಂದು ಸಂಕಮ್ಮ ನಿರಾಕರಿಸಿ ಹಿಂಸೆಯನ್ನು ಅನುಭವಿಸುತ್ತಾಳೆ. ಸಂಕಮ್ಮನದು ನಿರಾಕರಣೆಯ ದಾರಿ, ಸದಾರಮೆಯದು ಉಪಾಯದ ದಾರಿ. ಒಂದು ಕಣ್ಣೀರಿನಲ್ಲಿಯೂ ಇನ್ನೊಂದು ನಗೆಯಲ್ಲಿಯೂ ಹೇಳುವುದು ಒಂದೇ: ಗಂಡಸರ ಕರಾರಿನಿಂದ ಹೆಣ್ಣಿನ ಮನಸ್ಸು ಕೈವಶವಾಗದು. ಜನಪದ ಕಾವ್ಯ ಮತ್ತು ಕಂಪನಿ ನಾಟಕಗಳನ್ನು ಬೇರೆ ಬೇರೆ ವಿಭಾಗಗಳಲ್ಲಿಟ್ಟು ಓದುವ ನಮ್ಮ ಪದ್ಧತಿಯಿಂದ ಇಂಥ ಸಂಬಂಧಗಳು ಮರೆಯಾಗಿವೆ.

ರಾಜಕುಮಾರ್ ಕುಟುಂಬದ ಮುಂದಿನ ತಲೆಮಾರು 1989ರಲ್ಲಿ ತೆರೆಗೆ ತಂದ ‘ನಂಜುಂಡಿ ಕಲ್ಯಾಣ’ವೂ ಮದುವೆಯ ನಾಟಕವೊಂದರ ಚಿತ್ರರೂಪ. ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ಆಧರಿಸಿ ಪರ್ವತವಾಣಿಯವರು ರಚಿಸಿದ ‘ಬಹದ್ದೂರ್ ಗಂಡ’ ಅದರ ಮೂಲ. ಅಲ್ಲಿ ಗಂಡು ಹಟಮಾರಿ ಹೆಣ್ಣನ್ನು ಪಳಗಿಸುತ್ತಾನೆ. ‘ಸದಾರಮೆ’ಯಲ್ಲಿ ಹೆಣ್ಣು ಅರಸನನ್ನೂ ಕಳ್ಳನನ್ನೂ ಮಣಿಸುತ್ತಾಳೆ. ಅರ್ಧ ಶತಮಾನದ ಅಂತರದಲ್ಲಿ ಪ್ರೇಕ್ಷಕರ ನಗೆ ಯಾವ ಕಡೆಗೆ ವಾಲಿತು ಎಂಬುದನ್ನು ಈ ಎರಡು ಚಿತ್ರಗಳ ಹೋಲಿಕೆ ಸೂಚಿಸುತ್ತದೆ. ಹಳೆಯದೆಲ್ಲ ಹಿಂದುಳಿದದ್ದು, ಹೊಸದೆಲ್ಲ ಮುಂದುವರಿದದ್ದು ಎಂಬ ತೀರ್ಮಾನಕ್ಕೆ ಇಲ್ಲಿ ಆಸ್ಪದವಿಲ್ಲ.

6. ಕೊನೆಯ ವರ್ಷಗಳು

1950ರ ದಶಕದಿಂದ ಸಿನಿಮಾ ಮಂದಿರಗಳು ಹೆಚ್ಚಿದಂತೆ ಕಂಪನಿಗಳ ಬಿಡಾರಗಳು ಕಿರಿದಾದವು. ಗುಬ್ಬಿ ಕಂಪನಿ ತಯಾರಿಸಿದ ನಟರೇ ಸಿನಿಮಾದ ಬಲವಾದರು. ಹೀಗೆ ತನ್ನ ಪ್ರತಿಸ್ಪರ್ಧಿಯನ್ನು ತಾನೇ ಪೋಷಿಸಿದ ವಿಪರ್ಯಾಸ ವೀರಣ್ಣನವರ ಬದುಕಿನ ಉತ್ತರಾರ್ಧವನ್ನು ಆವರಿಸಿದೆ. 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಗೌರವ ಅವರಿಗೆ ಸಂದವು. ತಮ್ಮ ಬದುಕನ್ನು ಅವರು ‘ಕಲೆಯೇ ಕಾಯಕ’ ಎಂಬ ಆತ್ಮಕಥೆಯಲ್ಲಿ ದಾಖಲಿಸಿದರು. ಶರಣರ ಕಾಯಕ ಪರಿಕಲ್ಪನೆಯನ್ನು ನಾಟಕದ ವೃತ್ತಿಗೆ ಅನ್ವಯಿಸಿದ ಆ ಶೀರ್ಷಿಕೆಯೇ ಅವರ ಜೀವನದೃಷ್ಟಿಯನ್ನು ಸೂಚಿಸುತ್ತದೆ. ಹಣಕ್ಕಾಗಿ ಆಡುವ ಕಲೆ ಕೀಳು ಎಂಬ ವಾದಕ್ಕೆ ದುಡಿಮೆಯೇ ಗೌರವವೆಂಬ ಉತ್ತರ ಅದರಲ್ಲಿದೆ. 1972ರ ಅಕ್ಟೋಬರ್ 18ರಂದು ವೀರಣ್ಣನವರು ನಿಧನರಾದರು.

ಅವರು ಬಿಟ್ಟುಹೋದ ಪರಂಪರೆ ಅನಿರೀಕ್ಷಿತ ದಾರಿಗಳಲ್ಲಿ ಮುಂದುವರಿಯಿತು. ಬಾಲಕನಾಗಿ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಆ ಕಾರಂತರು ಆಧುನಿಕ ಭಾರತೀಯ ರಂಗಭೂಮಿಗೆ ಕಂಪನಿಯ ಸಂಗೀತಪ್ರಜ್ಞೆಯನ್ನು ಮರಳಿ ತಂದರು. ಮೊಮ್ಮಗಳು ಬಿ. ಜಯಶ್ರೀ ಅವರು ಸ್ಪಂದನ ತಂಡದ ಮೂಲಕ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದು, ಕಂಪನಿ ಶೈಲಿಯನ್ನು ಹೊಸ ತಲೆಮಾರಿಗೆ ಪರಿಚಯಿಸಿದರು. ತಾತ ಮೆರೆದ ನಾಟಕವನ್ನು ಮೊಮ್ಮಗಳು ತನ್ನ ಕೈಗೆ ತೆಗೆದುಕೊಂಡದ್ದರಲ್ಲಿ ಈ ನಾಟಕದ ಒಳದನಿ ಸಾರ್ಥಕವಾಗಿದೆ. ಕಂಪನಿಯ ಸಂಸಾರಕ್ಕೆ ಸೇರಿದ ಹೆಣ್ಣು ಇಲ್ಲಿ ಯಜಮಾನಿಕೆಯನ್ನೂ ವಹಿಸಿದಳು.

7. ಸಮಾರೋಪ

ವೀರಣ್ಣನವರ ಜೀವನವನ್ನು ‘ಸದಾರಮೆ’ಯ ಮೂಲಕ ನೋಡಿದಾಗ ಮೂರು ಅಂಶಗಳು ಸ್ಥಾಪಿತವಾಗುತ್ತವೆ. ಮೊದಲನೆಯದು, ಸಾಹಿತ್ಯ ಚರಿತ್ರೆ ಹಗುರವೆಂದು ಬಗೆದ ಕಂಪನಿ ನಾಟಕ ವಿವಾಹ ವ್ಯವಸ್ಥೆಯ ಬಗ್ಗೆ ಗಂಭೀರವಾದ ಪ್ರಶ್ನೆಗಳನ್ನು ಅಕ್ಷರಜ್ಞಾನವಿಲ್ಲದ ಪ್ರೇಕ್ಷಕರವರೆಗೂ ಒಯ್ದಿತು. ಎರಡನೆಯದು, ಕನ್ನಡ ಸಿನಿಮಾದ ಮೊದಲ ವರ್ಷಗಳಲ್ಲಿ ವಸ್ತು, ಸಾಹಿತ್ಯ, ನಟವರ್ಗ ಮೂರೂ ವೃತ್ತಿರಂಗಭೂಮಿಯಿಂದ ಬಂದವು. ಆದ್ದರಿಂದ ಚಿತ್ರದ ಚರಿತ್ರೆಯನ್ನು ರಂಗದ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲಾಗದು. ಮೂರನೆಯದು, ಪ್ರದರ್ಶನದಲ್ಲಿ ಬೆಳೆಯುವ ನಾಟಕಕ್ಕೆ ಮುದ್ರಿತ ಪಠ್ಯವೊಂದೇ ಆಕರವಾಗದು. ನಟರ ನೆನಪು, ಹಾಡಿನ ಧಾಟಿ, ಹಳ್ಳಿಯ ಹಾರ್ಮೋನಿಯಂ ಮೇಷ್ಟರ ಕೈಬರಹದ ಪ್ರತಿ ಇವೂ ಆಕರಗಳೇ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹವ್ಯಾಸಿಗಳು ರಾತ್ರಿಯಿಡೀ ಕಂಪನಿ ನಾಟಕಗಳನ್ನು ಆಡುವ ರೂಢಿ ಇನ್ನೂ ಉಳಿದಿದೆ. ಅವರ ಬಳಿಯಿರುವ ಪ್ರತಿಗಳನ್ನು ಸಂಗ್ರಹಿಸಿ, ಹಾಡುಗಳನ್ನು ಧ್ವನಿಮುದ್ರಿಸಿಡುವ ಕೆಲಸವನ್ನು ಕ್ಷೇತ್ರಕಾರ್ಯ ಮಾಡುವ ಸಂಶೋಧಕರು ಕೈಗೊಳ್ಳಬೇಕು. ಹಿರಿಯ ಕಲಾವಿದರ ತಲೆಮಾರು ಸರಿದುಹೋಗುವ ಮುನ್ನ ಅದು ಆಗಬೇಕಾದ ಕೆಲಸ.